ಹೊರನಾಡಿನ ಶಿಷ್ಯರ ಸಾಕ್ಷ್ಯ

ಗುರುವನ್ನರಸಿ ಭಾರತಕ್ಕೆ ಬಂದ ಪಾಶ್ಚಾತ್ಯರು ತಮ್ಮ ಗುರುಗಳನ್ನು ಕುರಿತು ಬರೆದಿಟ್ಟುದನ್ನು ನಾವು ಎರಡೇ ಬಗೆಯಲ್ಲಿ ಓದುತ್ತೇವೆ. ಬರೆಹದಲ್ಲಿ ಪ್ರಶಂಸೆಯಿದ್ದರೆ, ಪರದೇಶದವರೇ ಒಪ್ಪಿದರೆಂದು ಹಿಗ್ಗಿ ಅದನ್ನು ಸ್ಮರಣಸಂಚಿಕೆಯ ಮೊದಲ ಪುಟದಲ್ಲಿ ಅಚ್ಚುಹಾಕಿಸುತ್ತೇವೆ. ಆಕ್ಷೇಪವಿದ್ದರೆ, ನಮ್ಮ ಸಂಸ್ಕೃತಿಯ ಮರ್ಮ ಪರಕೀಯರಿಗೆ ತಿಳಿಯದೆಂದು ಹೇಳಿ ಪುಸ್ತಕವನ್ನು ಮುಚ್ಚುತ್ತೇವೆ. ಒಬ್ಬನೇ ಮನುಷ್ಯನ ಬುದ್ಧಿ ಹೊಗಳುವಾಗ ಪ್ರಮಾಣವೂ ತೆಗಳುವಾಗ ಅಪ್ರಮಾಣವೂ ಆಗುವುದು ಯಾವ ತರ್ಕಶಾಸ್ತ್ರಕ್ಕೆ ಸಮ್ಮತವೋ ನಾನರಿಯೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸಮಾಡುವವರಿಗಂತೂ ಇದು ದೂರದ ಪ್ರಶ್ನೆಯಲ್ಲ. ಬಸವನಗುಡಿಯಿಂದ ಜಯನಗರ, ಬನಶಂಕರಿಗಳನ್ನು ದಾಟಿ ಕನಕಪುರ ರಸ್ತೆಯಲ್ಲಿ ತಟ್ಟಗುಪ್ಪೆಯ ಕಡೆಗೆ ಸಾಗುವವರೆಗೂ, ಒಂದಲ್ಲ ಒಂದು ಕಾಲದಲ್ಲಿ ಹೊರನಾಡಿನ ಜಿಜ್ಞಾಸುಗಳು ಹೊಸ್ತಿಲು ತುಳಿದ ಆಶ್ರಮಗಳೂ ಸಭಾಮಂದಿರಗಳೂ ಗೃಹಸ್ಥರ ಮನೆಗಳೂ ಇಲ್ಲಿ ಹಬ್ಬಿಕೊಂಡಿವೆ. ಆ ಜಿಜ್ಞಾಸುಗಳು ಬರೆದ ಸ್ತುತಿಯಾಗಲಿ ನಿಂದೆಯಾಗಲಿ, ಗುರುವಿನ ದಾಯವನ್ನು ತೂಗಿ ನೋಡುವ ಕೆಲಸವನ್ನು ಮಾಡಿದೆ ಎಂಬುದೂ, ಪಕ್ಕದಲ್ಲಿಯೇ ಇದ್ದ ನಾವು ಆ ಕೆಲಸವನ್ನು ಬಹುಮಟ್ಟಿಗೆ ಮಾಡಲಿಲ್ಲ ಎಂಬುದೂ ನನ್ನ ಅಭಿಪ್ರಾಯ.

ಮೈಸೂರು ರಸ್ತೆಯ ಕವಿಕಾ ಕಾರ್ಖಾನೆಯ ನಿಲ್ದಾಣವನ್ನು ದಿನವೂ ಹಾದುಹೋಗುವವರಲ್ಲಿ, ಆ ಕಾರ್ಖಾನೆಯು ಮೈಸೂರು ಸಂಸ್ಥಾನದ ಸರ್ಕಾರಿ ವಿದ್ಯುತ್ ಕಾರ್ಖಾನೆಯಾಗಿದ್ದ ಕಾಲದಲ್ಲಿ ಅದರ ಆಡಳಿತದ ಹೊಣೆಯನ್ನು ಹೊತ್ತಿದ್ದವರು ಪೋಲೆಂಡಿನಿಂದ ಬಂದ ಮಾರಿಸ್ ಫ್ರೀಡ್‌ಮನ್ ಎಂಬ ಯಹೂದಿ ಎಂಜಿನಿಯರರೆಂದು ಬಲ್ಲವರು ಎಷ್ಟು ಮಂದಿ ಇದ್ದಾರು? ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಆಹ್ವಾನವನ್ನು ಮನ್ನಿಸಿ 1930ರ ದಶಕದಲ್ಲಿ ಬೆಂಗಳೂರಿಗೆ ಬಂದ ಈ ಯಂತ್ರವಿದ್ಯಾವಿಶಾರದರು ಇಲ್ಲಿಂದ ತಿರುವಣ್ಣಾಮಲೆಗೆ ಹೋಗಿ ರಮಣ ಮಹರ್ಷಿಗಳ ಮುಂದೆ ಕುಳಿತರು. ಕಾಸರಗೋಡು ಸೀಮೆಯ ಕಾಞಂಗಾಡಿನ ಆನಂದಾಶ್ರಮದ ಸ್ವಾಮಿ ರಾಮದಾಸರಿಂದ ಕಾಷಾಯವನ್ನು ಪಡೆದರು. ಗಾಂಧೀಜಿಯವರ ಬಳಿಗೆ ಹೋಗಿ ಚರಕದ ಸುಧಾರಣೆಗೆ ತಮ್ಮ ವಿದ್ಯೆಯನ್ನು ಧಾರೆಯೆರೆದು ಭಾರತಾನಂದರೆಂದು ಕರೆಯಿಸಿಕೊಂಡರು. ಕಾವಿಯುಟ್ಟು ಕಾರ್ಖಾನೆಗೆ ಬರುತ್ತಿದ್ದ ಅವರಿಗೆ, ಗಣ್ಯ ಅತಿಥಿಗಳು ಬರುವ ದಿನ ಮಾತ್ರ ಷರಾಯಿ ತೊಡಬೇಕೆಂದು ದಿವಾನರು ಹೇಳಿ ರಾಜಿಮಾಡಿಕೊಂಡರೆಂಬ ಕಥೆಯೊಂದು ಪ್ರಚಾರದಲ್ಲಿದೆ. ಮಿರ್ಜಾ ಸಾಹೇಬರ ಸ್ವಭಾವವನ್ನು ಬಲ್ಲವರಿಗೆ ಅದು ಅಸಂಭವವೆಂದು ತೋರಲಾರದು.

ಈ ಫ್ರೀಡ್‌ಮನ್ನರು ತಮ್ಮ ಗುರುಗಳನ್ನು ಕುರಿತು ಆತ್ಮಕಥೆಯನ್ನೇನೂ ಬರೆಯಲಿಲ್ಲ. 1939ರಲ್ಲಿ ರಮಣಾಶ್ರಮದಿಂದ ಹೊರಬಂದ ಸಂವಾದಗ್ರಂಥದಲ್ಲಿ ಪ್ರಶ್ನೆಗಳನೇಕ ಇವರವಾಗಿದ್ದರೂ ಪ್ರಶ್ನಿಸಿದವರ ಹೆಸರು ಅಲ್ಲಿ ಕಾಣುವುದಿಲ್ಲ. ಇಳಿವಯಸ್ಸಿನಲ್ಲಿ, ಮುಂಬಯಿಯ ಬೀಡಿ ಅಂಗಡಿಯ ಗೃಹಸ್ಥರಾದ ನಿಸರ್ಗದತ್ತ ಮಹಾರಾಜರ ಮರಾಠಿ ಮಾತುಗಳನ್ನು ಆಲಿಸಿ, ಇಂಗ್ಲಿಷಿಗೆ ತಂದು, 1973ರಲ್ಲಿ ‘ಐ ಆ್ಯಮ್ ದಟ್’ ಎಂಬ ಹೆಸರಿನಿಂದ ಪ್ರಕಟಿಸಿದರು. ಅದಾದ ಮೂರನೆಯ ವರ್ಷ ತೀರಿಕೊಂಡರು. ನಿಸರ್ಗದತ್ತರ ಗುರುಪರಂಪರೆ ನಮ್ಮ ವಿಜಯಪುರ ಜಿಲ್ಲೆಯ ಇಂಚಗೇರಿಯ ಭಾವೂಸಾಹೇಬ ಮಹಾರಾಜರಿಗೆ ಸಲ್ಲುವಂಥದು. ಕನ್ನಡ ನೆಲದಲ್ಲಿ ಬೇರುಬಿಟ್ಟ ಸಂಪ್ರದಾಯವೊಂದನ್ನು, ಕನ್ನಡ ನಾಡಿನ ಕಾರ್ಖಾನೆಯಲ್ಲಿ ದುಡಿದ ಪೋಲಿಷ್ ಎಂಜಿನಿಯರರೊಬ್ಬರು ಲೋಕಕ್ಕೆ ಮುಟ್ಟಿಸಿದರೆಂಬ ಈ ಸಂಗತಿ ನಮ್ಮ ಶಾಲಾಪುಸ್ತಕಗಳಲ್ಲಿ ಒಂದು ಸಾಲಿಗಾದರೂ ಅರ್ಹವಲ್ಲವೆ? ಅವರೊಡನೆ ದುಡಿದ ಪೋಲಿಷ್ ಮಹಿಳೆ ವಾಂಡಾ ದಿನೋವ್‌ಸ್ಕಾ, ಎಂದರೆ ಉಮಾದೇವಿಯವರು, ಟಿಬೆಟಿನ ನಿರಾಶ್ರಿತ ಮಕ್ಕಳ ಸೇವೆಯಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದು 1971ರಲ್ಲಿ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದರು.

ಎಲ್ಲರೂ ಫ್ರೀಡ್‌ಮನ್ನರಂತೆ ತಮ್ಮನ್ನು ಮರೆಸಿಕೊಳ್ಳುವವರಲ್ಲ. ಲಂಡನಿನ ಪತ್ರಿಕೋದ್ಯೋಗಿ ಪಾಲ್ ಬ್ರಂಟನ್ 1934ರಲ್ಲಿ ಪ್ರಕಟಿಸಿದ ‘ಎ ಸರ್ಚ್ ಇನ್ ಸೀಕ್ರೆಟ್ ಇಂಡಿಯಾ’ದಿಂದ ರಮಣ ಮಹರ್ಷಿಗಳ ಹೆಸರು ಪಶ್ಚಿಮದ ಮನೆಮನೆಗೆ ಮುಟ್ಟಿತು, ಆ ಕೀರ್ತಿಯ ಬಲದಿಂದ ಬ್ರಂಟನ್ನರೂ ಗುರುವಾದರು. ಆಶ್ರಮದೊಡನೆ ವಿರಸ ಬೆಳೆದ ಮೇಲೆ ಅವರು ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ನೆಲೆಸಿ, ವಿಶ್ವವಿದ್ಯಾನಿಲಯದ ನಿವೃತ್ತ ರಿಜಿಸ್ಟ್ರಾರರೂ ಮಹಾರಾಜರಿಗೆ ವೇದಾಂತವನ್ನು ಓದಿಸುತ್ತಿದ್ದವರೂ ಆದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತರು. 1941ರಲ್ಲಿ ಬ್ರಂಟನ್ನರು ಪ್ರಕಟಿಸಿದ ‘ದಿ ಹಿಡನ್ ಟೀಚಿಂಗ್ ಬಿಯಾಂಡ್ ಯೋಗ’ವನ್ನು ಓದಿದವರಿಗೆ ಅಯ್ಯರ್ ಅವರ ಬೋಧೆಯ ಮುದ್ರೆ ಅದರಲ್ಲಿ ಸ್ಪಷ್ಟವಾಗಿಯೇ ಕಾಣುವುದು. ಲೋಕವು ಬ್ರಂಟನ್ನರನ್ನು ಬಲ್ಲುದು. ಅಯ್ಯರ್ ಅವರನ್ನು ಮೈಸೂರಿನವರೇ ಮರೆತಿದ್ದಾರೆ.

ಈ ಕಥೆಗೆ ಉತ್ತರಾರ್ಧವೊಂದುಂಟು. ಬ್ರಂಟನ್ನರನ್ನು ಗುರುವೆಂದು ನಂಬಿ ತಮ್ಮ ಮನೆಯಲ್ಲಿರಿಸಿಕೊಂಡಿದ್ದ ಅಮೆರಿಕದ ದಂಪತಿಗಳ ಮಗ ಜೆಫ್ರಿ ಮ್ಯಾಸನ್, ಬಾಲ್ಯದಲ್ಲಿ ಆ ಗುರುವಿನ ಮಾತನ್ನು ವೇದವಾಕ್ಯವೆಂದು ಕೇಳಿ ಬೆಳೆದು, ದೊಡ್ಡವರಾದ ಮೇಲೆ ಸಂಸ್ಕೃತವನ್ನು ಕ್ರಮವಾಗಿ ಅಭ್ಯಸಿಸಿ ಪ್ರಾಧ್ಯಾಪಕರಾಗಿ, ತಾವು ಕಲಿತ ವಿದ್ಯೆಯ ಬೆಳಕಿನಲ್ಲಿ ಗುರುವಿನ ಪಾಂಡಿತ್ಯವೆಷ್ಟೆಂಬುದನ್ನು ಪರೀಕ್ಷಿಸಿ ಕಂಡುಕೊಂಡರು. 1993ರಲ್ಲಿ ಅವರು ಪ್ರಕಟಿಸಿದ ‘ಮೈ ಫಾದರ್ಸ್ ಗುರು’ ಎಂಬ ಗ್ರಂಥದಲ್ಲಿ ಕಹಿಯುಂಟು, ಪರಿಹಾಸವುಂಟು. ಆದರೂ ಆ ವಂಚಿತ ಬಾಲ್ಯದ ಮೇಲಿನ ಪ್ರೀತಿ ಮಾತ್ರ ಅವರನ್ನು ಬಿಟ್ಟಂತೆ ಕಾಣದು. ಬ್ರಂಟನ್ನರ ಭಕ್ತರು ಇದನ್ನು ಗುರುದ್ರೋಹವೆಂದಾರು. ಗುರುವು ಬೋಧಿಸಿದ ಶಾಸ್ತ್ರವನ್ನು ಮೂಲದಲ್ಲಿಯೇ ಓದಿ ಪರೀಕ್ಷಿಸಿದ ಶಿಷ್ಯನನ್ನು ದ್ರೋಹಿಯೆನ್ನಲು ನನ್ನ ಮನಸ್ಸು ಒಪ್ಪದು.

ಏಕೆಂದರೆ ಹೀಗೆ ಪರೀಕ್ಷಿಸುವುದು ಪಶ್ಚಿಮದಿಂದ ಆಮದಾದ ಅಭ್ಯಾಸವೇನೂ ಅಲ್ಲ. ನೆಟ್ಟಕಲ್ಲಪ್ಪ ವೃತ್ತದಿಂದ ಅನತಿದೂರದಲ್ಲಿ, ಜಯನಗರದ ಅಂಚಿಗೆ ತಾಗಿಕೊಂಡಿರುವ ತ್ಯಾಗರಾಜನಗರದಲ್ಲಿ, ಎ.ಪಿ.ಕೆ. ರಸ್ತೆಯೆಂದು ಜನ ಕರೆಯುವ ಬೀದಿಯೊಂದಿದೆ. ಅಧ್ಯಾತ್ಮ ಪ್ರಕಾಶ ಕಾರ್ಯಾಲಯದಿಂದ ಆ ಹೆಸರು ಬಂದುದೆಂಬುದು ಅಲ್ಲಿ ತರಕಾರಿ ಕೊಳ್ಳುವ ಎಷ್ಟೋ ಮಂದಿಗೆ ತಿಳಿಯದು. 1920ರಲ್ಲಿ ಆ ಸಂಸ್ಥೆಯನ್ನು ಹುಟ್ಟಿಸಿದ ವೈ. ಸುಬ್ಬರಾಯರು ವೃತ್ತಿಯಿಂದ ಉಪಾಧ್ಯಾಯರು. 1948ರಲ್ಲಿ ಸಂನ್ಯಾಸ ಸ್ವೀಕರಿಸಿ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳೆಂದು ಪ್ರಸಿದ್ಧರಾದರು. ಶಂಕರ ಭಗವತ್ಪಾದರ ಭಾಷ್ಯಗಳಲ್ಲಿ ಇಲ್ಲದ ಮೂಲಾವಿದ್ಯೆಯೆಂಬ ಕಲ್ಪನೆಯನ್ನು ಅನಂತರದ ವ್ಯಾಖ್ಯಾನಕಾರರು ಸಿದ್ಧಾಂತದೊಳಕ್ಕೆ ತಂದರೆಂದು 1929ರಲ್ಲಿ ‘ಮೂಲಾವಿದ್ಯಾನಿರಾಸ’ವನ್ನು ಬರೆದು, ಪಂಡಿತಮಂಡಲಿಯ ಅಸಮಾಧಾನವನ್ನು ತಲೆಯ ಮೇಲೆ ಹೊತ್ತುಕೊಂಡು, ಜೀವಮಾನವಿಡೀ ಅದೇ ವಾದವನ್ನು ಸಾಧಿಸುತ್ತ ಹೋದರು. ಆಚಾರ್ಯರ ಮೇಲಿನ ಭಕ್ತಿಯೂ ಆಚಾರ್ಯರ ಹೆಸರಿನಲ್ಲಿ ಸಾವಿರ ವರ್ಷ ಬೆಳೆದುಬಂದುದನ್ನು ಜರಡಿ ಹಿಡಿಯುವ ನಿಷ್ಠುರತೆಯೂ ಒಂದೇ ಮನಸ್ಸಿನಲ್ಲಿ ಇರಬಲ್ಲುವೆಂಬುದಕ್ಕೆ ಅವರಿಗಿಂತ ಬೇರೆ ನಿದರ್ಶನವನ್ನು ಹುಡುಕಬೇಕಾದುದಿಲ್ಲ. 1964ರಲ್ಲಿ ಸಂಸ್ಕೃತದಲ್ಲಿ ಹೊರಬಂದ ಅವರ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಎಂಬ ಬೃಹದ್ಗ್ರಂಥವನ್ನು ಎ. ಜೆ. ಆಲ್‌ಸ್ಟನ್ ಎಂಬ ಇಂಗ್ಲಿಷ್ ವಿದ್ವಾಂಸರು ಭಾಷಾಂತರಿಸಿ 1989ರಲ್ಲಿ ಪ್ರಕಟಿಸಿದರು. ಸ್ವಾಮಿಗಳ ಪವಾಡಗಳನ್ನಾಗಲಿ ಮುಖದ ತೇಜಸ್ಸನ್ನಾಗಲಿ ಆಲ್‌ಸ್ಟನ್ನರು ವರ್ಣಿಸಹೊರಡಲಿಲ್ಲ; ಪುಟಪುಟದಲ್ಲಿಯೂ ವಾದವನ್ನು ಹಿಂಬಾಲಿಸಿದರು. ಗುರುದಾಯಕ್ಕೆ ಸಲ್ಲಬಹುದಾದ ಅತ್ಯುತ್ತಮ ಗೌರವ ಇದೆಂದು ನಾನು ಭಾವಿಸುವೆನು.

ಕನಕಪುರ ರಸ್ತೆಯ ತಾತಗುಣಿಯ ಬಳಿ 1978ರಲ್ಲಿ ಆರಂಭವಾದ ವ್ಯಾಲಿ ಶಾಲೆಯು ಜೆ. ಕೃಷ್ಣಮೂರ್ತಿಯವರ ವಿಚಾರಗಳಿಂದ ಹುಟ್ಟಿದ್ದು. ಬನಶಂಕರಿ, ಜೆ.ಪಿ. ನಗರಗಳ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಓದಿದ್ದಾರೆ. 1929ರಲ್ಲಿ ತಮಗಾಗಿಯೇ ಕಟ್ಟಿದ್ದ ಸಂಘವನ್ನು ತಾವೇ ವಿಸರ್ಜಿಸಿ, ಗುರುತ್ವವನ್ನೇ ನಿರಾಕರಿಸಿದ ಅವರನ್ನು ಕುರಿತು, ಅವರ ನಿಧನಾನಂತರ 1991ರಲ್ಲಿ, ಅವರ ಮಡಿಲಲ್ಲಿ ಆಡಿ ಬೆಳೆದ ರಾಧಾ ರಾಜಗೋಪಾಲ್ ಸ್ಲಾಸ್ ಎಂಬವರು ಗ್ರಂಥವನ್ನು ಬರೆದು, ತಮ್ಮ ತಾಯಿ ರೋಸಲಿಂಡರಿಗೂ ಕೃಷ್ಣಮೂರ್ತಿಯವರಿಗೂ ನಡುವೆ ದೀರ್ಘಕಾಲ ಗುಪ್ತವಾಗಿದ್ದ ಪ್ರಣಯವನ್ನು ಬಯಲುಮಾಡಿದರು. 1996ರಲ್ಲಿ ಮೇರಿ ಲಟ್ಯೆನ್ಸ್ ಅದಕ್ಕೆ ಉತ್ತರರೂಪವಾದ ಗ್ರಂಥವನ್ನು ಹೊರತಂದರು. ಈ ವಿವಾದದಲ್ಲಿ ನನಗೆ ಮೆಚ್ಚಾದುದು ಯಾವ ಪಕ್ಷದ ಜಯವೂ ಅಲ್ಲ. ಎರಡು ಕಡೆಯವರೂ ಅಚ್ಚಿನಲ್ಲಿ, ಹೆಸರು ಹಾಕಿ, ಓದುಗರ ಮುಂದೆ ವಾದಿಸಿದರು. ನಮ್ಮಲ್ಲಾದರೋ ಇಂಥ ಮಾತು ಊಟದ ಮನೆಯ ಪಿಸುಮಾತಿನಲ್ಲಿ ಹುಟ್ಟಿ ಅಲ್ಲಿಯೇ ಅಡಗುವುದು.

ಇನ್ನೊಬ್ಬ ಕೃಷ್ಣಮೂರ್ತಿ, ಯು.ಜಿ.ಯವರು, 1972ರಲ್ಲಿ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರಿನಲ್ಲಿ ಭಾಷಣ ಮಾಡಿದರು. ಅನಂತರ ಸಭಾವೇದಿಕೆಯನ್ನು ಹತ್ತಲಿಲ್ಲವೆಂದು ಒಡನಾಡಿಗಳು ಹೇಳುವರು. ಬಿ. ಪಿ. ವಾಡಿಯಾ ದಂಪತಿಗಳು 1945ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯ ಸಹಸ್ಥಾಪಕಿ ಸೋಫಿಯಾ ವಾಡಿಯಾ ಅವರೂ ದೂರದ ಕೊಲಂಬಿಯಾ ದೇಶದಲ್ಲಿ ಹುಟ್ಟಿದವರೆಂಬುದನ್ನು ಇಲ್ಲಿ ನೆನೆಯಬಹುದು. ಯು.ಜಿ.ಯವರು ತಮ್ಮ ಮಾತಿಗೆ ಹಕ್ಕುಸ್ವಾಮ್ಯವೇ ಇಲ್ಲವೆಂದು ಸಾರಿದರು. ತಮಗೆ ಸ್ಮಾರಕವಾಗಲಿ ಉತ್ತರಾಧಿಕಾರಿಯಾಗಲಿ ಬೇಡವೆಂದರು. ಅವರ ದೀರ್ಘಕಾಲದ ಒಡನಾಡಿ, ಸ್ವಿಟ್ಜರ್ಲೆಂಡಿನ ವಾಲೆಂಟೈನ್ ಡಿ ಕೆರ್ವೆನ್, ವೃದ್ಧಾಪ್ಯದಲ್ಲಿ ಬೆಂಗಳೂರಿನ ಕುಟುಂಬವೊಂದರ ಆರೈಕೆಯಲ್ಲಿದ್ದು 1991ರಲ್ಲಿ ಇಲ್ಲಿಯೇ ತೀರಿಕೊಂಡರು. ಆಕೆ ಗ್ರಂಥ ಬರೆಯಲಿಲ್ಲ. ಆ ಕಾಲದ ಸಂಗತಿಗಳು ನಮಗೆ ದೊರೆಯುವುದು ಬಹುಪಾಲು ಆ ಕುಟುಂಬದ ಕೆ. ಚಂದ್ರಶೇಖರ್ ತೆಲುಗಿನಲ್ಲಿ ಬರೆದಿಟ್ಟ ಟಿಪ್ಪಣಿಗಳಿಂದ. ಅತಿಥಿಗಳಿಗೆ ಅನ್ನವಿಟ್ಟ ಮನೆಯವರೇ ಲೇಖನಿ ಹಿಡಿದರೆ ಏನೆಲ್ಲ ಉಳಿಯಬಲ್ಲುದೆಂಬುದಕ್ಕೆ ಇದೊಂದು ವಿರಳವಾದ ಉದಾಹರಣೆ.

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇನೆ. ಹಾಸನದ ಬಳಿಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿ, ಮೈಸೂರಿನಲ್ಲಿ 1948ರಲ್ಲಿ ಯೋಗಶಾಲೆಯನ್ನು ಸ್ಥಾಪಿಸಿದ ಪಟ್ಟಾಭಿ ಜೋಯಿಸರಲ್ಲಿಗೆ 1964ರಲ್ಲಿ ಬೆಲ್ಜಿಯಮಿನ ಆಂದ್ರೆ ವಾನ್ ಲೀಸೆಬೆತ್ ಬಂದ ಮೇಲೆ, ಪಶ್ಚಿಮದಿಂದ ಶಿಷ್ಯರ ಸಾಲು ನಿಲ್ಲಲೇ ಇಲ್ಲ. 2009ರಲ್ಲಿ ಜೋಯಿಸರು ಗತಿಸಿದ ಅನಂತರದ ವರ್ಷಗಳಲ್ಲಿ, ಆಸನವನ್ನು ತಿದ್ದುವ ನೆಪದಲ್ಲಿ ಅವರು ತಮ್ಮನ್ನು ಅನುಚಿತವಾಗಿ ಮುಟ್ಟಿದರೆಂದು ಹಲವರು ಶಿಷ್ಯೆಯರು ಹೆಸರು ಮರೆಸದೆ ಬರೆದರು. ಕೆನಡಾದ ಮ್ಯಾಥ್ಯೂ ರೆಮ್‌ಸ್ಕಿ 2019ರಲ್ಲಿ ಆ ಸಾಕ್ಷ್ಯಗಳನ್ನು ಕೂಡಿಸಿ ಗ್ರಂಥವನ್ನೇ ಹೊರತಂದರು. ಅದೇ ವರ್ಷ ಜೋಯಿಸರ ಮೊಮ್ಮಗ ಶರತ್ ಜೋಯಿಸರು ಬಹಿರಂಗವಾಗಿ ಕ್ಷಮೆ ಕೋರಿದರು. ಶರತ್ ಅವರೂ 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅಕಾಲಮರಣವನ್ನಪ್ಪಿದರು. ಬಿ.ಟಿ.ಎಂ. ಬಡಾವಣೆಯಿಂದ ಬನಶಂಕರಿಯವರೆಗೆ ಮಹಡಿಮಹಡಿಗಳ ಮೇಲೆ ಯೋಗಶಾಲೆಗಳಿರುವ ಈ ನಗರದಲ್ಲಿ, ಆ ಶಿಷ್ಯೆಯರ ಮಾತನ್ನು ಎಷ್ಟು ಮಂದಿ ಆಚಾರ್ಯರು ತಮ್ಮ ವಿದ್ಯಾರ್ಥಿಗಳಿಗೆ ತಿಳಿಸಿದ್ದಾರೆ? ಮುಟ್ಟುವ ಮುನ್ನ ಅನುಮತಿ ಕೇಳಬೇಕೆಂಬ ನಿಯಮವು ಹಲವು ಶಾಲೆಗಳಲ್ಲಿ ನೆಲೆಗೊಂಡುದು ಆ ಪರಕೀಯ ಸ್ತ್ರೀಯರ ಧೈರ್ಯದಿಂದಲೇ ಎಂದರೆ ಅತಿಶಯೋಕ್ತಿಯಾಗದು.

ಪಾಶ್ಚಾತ್ಯ ಸಾಧಕರಲ್ಲಿ ದೋಷವಿಲ್ಲವೆಂದು ಹೇಳಲಾರೆ. ಮೊದಲು ಗುರುವನ್ನು ದೇವರೆಂದು ಎತ್ತಿ ಕೂರಿಸುವವರೂ, ಅದೇ ಗುರುವನ್ನು ಬಳಿಕ ದೈತ್ಯನೆಂದು ಕೆಡಹುವವರೂ ಹಲವೊಮ್ಮೆ ಅವರೇ; ಎರಡು ಸಂದರ್ಭಗಳಲ್ಲಿಯೂ ಪ್ರಕಾಶಕರು ಸಿದ್ಧವಾಗಿರುತ್ತಾರೆ. ಆಶ್ರಮದ ಸ್ವಾಮಿಗಳನ್ನು ಪುಟಗಟ್ಟಲೆ ವರ್ಣಿಸುವವರ ಕಣ್ಣಿಗೆ ಅಡಿಗೆಯವರಾಗಲಿ ಭಾಷಾಂತರಿಸಿ ಹೇಳಿದವರಾಗಲಿ ಬೀಳುವುದು ವಿರಳ. ಈ ಕೊರತೆಯನ್ನು ತುಂಬಬಲ್ಲವರು ನಾವೇ, ಆದರೆ ತುಂಬಲಿಲ್ಲ. ಗುರುಗಳನ್ನು ಕುರಿತು ನಾವು ಬರೆಯುವುದು ಬಹುಪಾಲು ಚರಿತಾಮೃತ. ಅದರಲ್ಲಿ ಅಮೃತ ಹೆಚ್ಚು, ಚರಿತೆ ಕಡಮೆ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಓದಿದವರಿಗೆ, ವೈದಿಕರನ್ನೂ ಸಂಪ್ರದಾಯಸ್ಥರನ್ನೂ ಪ್ರೀತಿಯಿಂದ ಚಿತ್ರಿಸುತ್ತಲೇ ಅವರ ದೌರ್ಬಲ್ಯಗಳನ್ನು ಮುಚ್ಚಿಡದಿರುವುದು ಕನ್ನಡಕ್ಕೆ ಸಾಧ್ಯವೆಂಬುದು ಗೊತ್ತೇ ಇದೆ. ತೈತ್ತಿರೀಯೋಪನಿಷತ್ತಿನ ಆಚಾರ್ಯನೂ ಮನೆಗೆ ಹೊರಟ ಶಿಷ್ಯನಿಗೆ, ತನ್ನ ನಡತೆಯಲ್ಲಿ ಒಳ್ಳೆಯದನ್ನಷ್ಟೇ ಅನುಸರಿಸಬೇಕೆಂದು ವಿಧಿಸುತ್ತಾನೆ. ಒಳ್ಳೆಯದನ್ನಷ್ಟೇ ಅನುಸರಿಸಬೇಕಾದರೆ ಕೆಟ್ಟುದನ್ನು ಗುರುತಿಸಬೇಕಷ್ಟೆ.

ಆದುದರಿಂದ ದಕ್ಷಿಣ ಬೆಂಗಳೂರಿನ ಹಿರಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಇಂಥ ಗುರುಗಳಾಗಲಿ ಅವರ ಹೊರನಾಡಿನ ಶಿಷ್ಯರಾಗಲಿ ತಂಗಿದ್ದುಂಟಾದರೆ, ಅವರ ಕಾಗದಗಳೂ ಧ್ವನಿಮುದ್ರಿಕೆಗಳೂ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ಅವನ್ನು ರದ್ದಿಯವನಿಗೆ ಕೊಡುವ ಮುನ್ನ ಗ್ರಂಥಾಲಯವೊಂದಕ್ಕೆ ಒಪ್ಪಿಸಿರಿ. ಅದಕ್ಕೂ ಮೊದಲು, ನೀವು ಕಂಡುದನ್ನು, ಮೆಚ್ಚಿದುದನ್ನೂ ಮೆಚ್ಚದುದನ್ನೂ, ನಾಲ್ಕು ಪುಟವಾದರೂ ಸರಿಯೆ, ಕನ್ನಡದಲ್ಲಿ ನಿಮ್ಮ ಹೆಸರು ಹಾಕಿ ಬರೆದಿಡಿರಿ.