ದರ ಬೋರ್ಡಿನ ಮೇಲೆ, ಬೆಲೆ ಬೊಗಸೆ ಕಾಳಿನಲ್ಲಿ

ಉಮರಗಾ, ಮುರುಮ, ನಿಲಂಗಾ, ಔರಾದ ಶಹಾಜಾನಿ, ದೇವಣಿ, ಉದಗೀರ. ಈ ಊರುಗಳ ಮಾರುಕಟ್ಟೆಗೆ ಸೋಯಾಬೀನ್ ಇಲ್ಲವೆ ತೊಗರಿ ಹೇರಿಕೊಂಡು ಹೋದ ಯಾವ ರೈತನನ್ನಾದರೂ ಕೇಳಿ ನೋಡ್ರಿ. ‘ಇವತ್ತು ದರ ಎಷ್ಟಿತ್ತು?’ ಅಂದ್ರೆ ಒಂದು ಅಂಕಿ ಹೇಳ್ತಾನೆ. ‘ನಿನಗೆಷ್ಟು ಬಂತು?’ ಅಂದ್ರೆ ಇನ್ನೊಂದು ಅಂಕಿ ಹೇಳ್ತಾನೆ. ‘ಯಾಕೆ ಕಡಿಮೆ?’ ಅಂತ ಕೇಳಿದರೆ ಉತ್ತರ ಒಂದೇ: ‘ಮಾಲು ಹಸಿ ಅದ ಅಂದ್ರು, ಡಾಗಿ ಅದ ಅಂದ್ರು, ಮಣ್ಣು ಅದ ಅಂದ್ರು.’ ಎಷ್ಟು ಹಸಿ, ಎಷ್ಟು ಡಾಗಿ, ಎಷ್ಟು ಮಣ್ಣು ಎಂಬುದು ಅವನ ಕೈಯಲ್ಲಿರುವ ಪಟ್ಟಿಯಲ್ಲಿ ಬರೆದಿರುವುದಿಲ್ಲ. ನಾನು ಹೇಳಬೇಕೆಂದಿರುವುದು ಈ ಬರೆಯದೆ ಉಳಿದ ಅಂಕಿಗಳ ಬಗ್ಗೆ.

ನಮ್ಮ ಈ ಗಡಿ ತಾಲ್ಲೂಕುಗಳ ಮುಖ್ಯ ಬೆಳೆ ಎರಡೂ ಕಾರ್ಖಾನೆಗೆ ಹೋಗುವಂಥವು. ಸೋಯಾಬೀನ್ ಎಣ್ಣೆ ಗಿರಣಿಗೆ, ತೊಗರಿ ಬೇಳೆ ಗಿರಣಿಗೆ. ಕಾರ್ಖಾನೆಗೆ ಹೋಗುವ ಮಾಲಿಗೆ ದರ್ಜೆ ಕಟ್ಟುವುದು ತಪ್ಪಲ್ಲ. ಹಸಿ ಕಾಳು ಗೋದಾಮಿನಲ್ಲಿ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಜೊಳ್ಳು ಕಾಳಿನಿಂದ ಬೇಳೆ ಕಡಿಮೆ ಬರುತ್ತದೆ. ಕಲ್ಲು ಮಣ್ಣು ಯಂತ್ರ ಕೆಡಿಸುತ್ತವೆ. ಖರೀದಿದಾರ ಇದನ್ನೆಲ್ಲ ನೋಡಿಯೇ ದರ ಹೇಳಬೇಕು. ತಕರಾರು ಇರುವುದು ನೋಡುವ ರೀತಿಯಲ್ಲಿ.

ಲೆಕ್ಕ ಹಾಕಿ ನೋಡೋಣ. ಒಬ್ಬ ರೈತ 20 ಕ್ವಿಂಟಾಲ್ ಸೋಯಾಬೀನ್ ತಂದಾನೆ, 50 ಕಿಲೋದ 40 ಚೀಲ. ಅಡತ್ ಅಂಗಡಿಯವನು ಒಂದೆರಡು ಚೀಲದ ಬಾಯಿ ಬಿಚ್ಚಿ, ಅಂಗೈ ತುಂಬ ಕಾಳು ತೆಗೆದು, ಮೀಟರಿಗೆ ಹಾಕುತ್ತಾನೆ. ಆ ಕಾಳು ಹೆಚ್ಚೆಂದರೆ 200 ಗ್ರಾಂ. ಅಂದರೆ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲು ನೋಡಿ ಉಳಿದ 9,999 ಪಾಲಿನ ಹಣೆಬರಹ ಬರೆಯುತ್ತಾರೆ. ಹಾಗೆ ಬರೆಯಬಹುದು, ಆದರೆ ಆ ಒಂದು ಪಾಲು ಇಡೀ ಮಾಲಿನ ಗುಣ ಹೇಳುವಂತಿರಬೇಕು. ಚೀಲ ಗಾಡಿಯಲ್ಲಿ ಅಲುಗಾಡಿ ಬರುವಾಗ ಸಣ್ಣ ನುಚ್ಚು, ಮಣ್ಣು ಕೆಳಗೆ ಇಳಿಯುತ್ತದೆ. ರಾತ್ರಿ ಇಬ್ಬನಿ ಬಿದ್ದರೆ ಮೇಲಿನ ಚೀಲದ ಕಾಳು ಹಸಿ, ನಡುವಿನ ಚೀಲದ್ದು ಒಣ. ಒಂದೇ ಕಡೆ ಕೈ ಹಾಕಿದರೆ ಒಮ್ಮೆ ರೈತನಿಗೆ ನಷ್ಟ, ಒಮ್ಮೆ ವ್ಯಾಪಾರಿಗೆ ನಷ್ಟ.

ಸರಿಯಾದ ರೀತಿ ಏನೂ ಕಷ್ಟದ್ದಲ್ಲ. ಚೀಲಗಳ ರಾಶಿಯಲ್ಲಿ ಮೇಲೆ, ನಡುವೆ, ಕೆಳಗೆ ಇರುವ ಬೇರೆ ಬೇರೆ ಚೀಲಗಳನ್ನು ಆರಿಸಬೇಕು. ಚುಚ್ಚಿ ಕಾಳು ಎಳೆಯುವ ಕೊಳವೆಯಿಂದ ಚೀಲದ ಒಳತನಕ ಕಾಳು ತೆಗೆಯಬೇಕು. ಎಲ್ಲವನ್ನೂ ಒಂದು ಬಟ್ಟೆಯ ಮೇಲೆ ಸುರಿದು ಚೆನ್ನಾಗಿ ಕಲಸಬೇಕು. ಆಮೇಲೆ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡು, ಮತ್ತೆ ಕಲಸಿ ಮತ್ತೆ ಪಾಲು ಮಾಡಬೇಕು. ಕೊನೆಗೆ ಉಳಿದ ಕಾಳೇ ನಮೂನೆ. ಅದನ್ನು ತೂಗಿ, ಜರಡಿ ಹಿಡಿದು, ಕೆಟ್ಟ ಕಾಳು ಬೇರೆ ಮಾಡಿ ಅದನ್ನೂ ತೂಗಬೇಕು. ನೂರು ಗ್ರಾಂನಲ್ಲಿ ಮೂರು ಗ್ರಾಂ ಕಸ ಬಂದರೆ ಶೇ. 3 ಕಸ. ಇಷ್ಟಕ್ಕೆ ಒಂದು ಸಣ್ಣ ತಕ್ಕಡಿ, ಒಂದು ಜರಡಿ, ಅರ್ಧ ತಾಸಿಗಿಂತ ಕಡಿಮೆ ಹೊತ್ತು ಸಾಕು.

ಈಗ ಹಸಿಯ ಲೆಕ್ಕ. ಬೆಂಬಲ ಬೆಲೆ ಖರೀದಿಗೆ ಸೋಯಾಬೀನ್‌ನಲ್ಲಿ ತೇವಾಂಶ ಶೇ. 12ರ ಒಳಗೆ, ಕಸಕಡ್ಡಿ ಶೇ. 2ರ ಒಳಗೆ ಇರಬೇಕು ಎಂಬುದು ಸರ್ಕಾರದ ಮಾನದಂಡ. ತೊಗರಿಗೂ ತೇವಾಂಶದ ಮಿತಿ ಶೇ. 12. ಆದರೆ ಎಣ್ಣೆ ಗಿರಣಿಯವರ ವ್ಯವಹಾರದ ಲೆಕ್ಕ ಬೇರೆ. ಅಲ್ಲಿ ಶೇ. 10 ತೇವ, ಶೇ. 2 ಕಸ, ಶೇ. 2 ಡಾಗಿ ಎಂಬುದು ಮೂಲ ದರದ ಮಾಲು. ಹೀಗಾಗಿ ಬೋರ್ಡಿನ ಮೇಲೆ ಬರೆದ ದರ ಯಾವ ಮಾಲಿಗೆ ಎಂಬುದೇ ಮೊದಲ ಪ್ರಶ್ನೆ. ಹತ್ತರ ಮಾಲಿಗೋ, ಹನ್ನೆರಡರ ಮಾಲಿಗೋ? ಇದನ್ನು ಕೇಳದೆ ಎರಡು ಪೇಟೆಯ ದರ ಹೋಲಿಸಿ, ಅಲ್ಲಿ ಹೆಚ್ಚು ಇಲ್ಲಿ ಕಡಿಮೆ ಅಂತ ಟ್ರ್ಯಾಕ್ಟರ್ ತಿರುಗಿಸಿದರೆ ಡೀಸೆಲ್ ಖರ್ಚೇ ಮೈಮೇಲೆ.

ಶೇ. 15 ತೇವ ಇರುವ 100 ಕಿಲೋ ಕಾಳು ಒಣಗಿ ಶೇ. 12ಕ್ಕೆ ಬಂದರೆ ಸುಮಾರು 96.6 ಕಿಲೋ ಉಳಿಯುತ್ತದೆ. ಕಡಿಮೆ ಆಗುವುದು 3.4 ಕಿಲೋ. ಶೇ. 13ರಿಂದ 12ಕ್ಕೆ ಬಂದರೆ 1.1 ಕಿಲೋಗಿಂತ ಸ್ವಲ್ಪ ಹೆಚ್ಚು. ನ್ಯಾಯವಾದ ಕಡಿತ ಇಷ್ಟೇ. ತೂಕದಲ್ಲಿ ಇಷ್ಟು ಕಳೆದ ಮೇಲೆ ‘ಹಸಿ ಮಾಲು’ ಅಂತ ದರದಲ್ಲೂ ಕಳೆದರೆ ಒಂದೇ ತಪ್ಪಿಗೆ ಎರಡು ದಂಡ ಹಾಕಿದಂತೆ. ಕರ್ನಾಟಕದ ಕಡೆ ಸೂಟು ಅಂತಾರೆ, ಇಲ್ಲಿ ಕಡತಾ ಅಂತಾರೆ. ಹೆಸರು ಯಾವುದಾದರೂ ಇರಲಿ, ಕಾರಣ ಹೇಳದೆ ಕ್ವಿಂಟಾಲಿಗೆ ಇಷ್ಟು ಅಂತ ತೆಗೆಯುವುದು ದರ್ಜೆಯ ಲೆಕ್ಕ ಅನ್ನಿಸಿಕೊಳ್ಳದು.

ಮೀಟರ್ ಒಂದು ಅಂಕ ಹೆಚ್ಚು ತೋರಿಸಿದರೆ ಏನಾಗುತ್ತದೆ? 2025-26ರ ಹಂಗಾಮಿಗೆ ಸೋಯಾಬೀನ್‌ನ ಬೆಂಬಲ ಬೆಲೆ ಕ್ವಿಂಟಾಲಿಗೆ 5,328 ರೂಪಾಯಿ. ಆ ಬೆಲೆಯಲ್ಲಿ ಒಂದು ಅಂಕಕ್ಕೆ ಕ್ವಿಂಟಾಲಿಗೆ ಸುಮಾರು 60 ರೂಪಾಯಿ, 20 ಕ್ವಿಂಟಾಲಿಗೆ 1,200 ರೂಪಾಯಿ. ಇದು ತೂಕದ ಕಡಿತ ಮಾತ್ರ. ಖರೀದಿ ಕೇಂದ್ರದಲ್ಲಾದರೆ 12ರ ಬದಲು 13 ಬಂದರೆ ಮಾಲೇ ವಾಪಸು. ಗಡಿಯ ಒಂದು ಪೇಟೆಯಲ್ಲಿ ನಮ್ಮ ಭಾವನವರ ಮಾಲಿಗೆ ಒಂದು ಅಂಗಡಿಯಲ್ಲಿ 13.8 ಅಂದರು. ಅದೇ ಚೀಲದ ಕಾಳು ಹತ್ತು ಹೆಜ್ಜೆ ಆಚೆಯ ಇನ್ನೊಂದು ಅಂಗಡಿಯಲ್ಲಿ 12.1 ತೋರಿಸಿತು. ‘ಯಾವ ಮೀಟರ್ ಖರೇ ರೀ ಸಾವ್ಕಾರ್ರ?’ ಅಂತ ಅವರು ಕೇಳಿದ್ದಕ್ಕೆ, ‘ನಿಮಗ ಯಾವುದು ಒಪ್ಪಿಗಿ ಅದ ಅಲ್ಲೇ ಹಾಕ್ರಿ’ ಎಂಬ ಉತ್ತರ ಬಂತು. ಯಾರೋ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಮೀಟರಿನಲ್ಲಿ ಬೆಳೆಗೆ ತಕ್ಕ ಗುರುತು ಇಡದಿದ್ದರೆ, ಬಿಸಿಲಲ್ಲಿ ಕಾದ ಕಾಳು ಹಾಗೇ ಹಾಕಿದರೆ, ತಿಂಗಳುಗಟ್ಟಲೆ ತಪಾಸಣೆ ಮಾಡದೆ ಬಿಟ್ಟರೆ ಅಂಕಿ ಏರುಪೇರು ಆಗುತ್ತದೆ. ತೂಕದ ಕಾಟಾಕ್ಕೆ ಸರ್ಕಾರಿ ಮುದ್ರೆ ಬೇಕು ಅಂತ ಎಲ್ಲರಿಗೂ ಗೊತ್ತು. ಮೀಟರನ್ನು ಕೊನೆಯ ಸಲ ಯಾವಾಗ ತಪಾಸಣೆ ಮಾಡಿಸಿದಿರಿ ಅಂತ ಕೇಳುವ ರೂಢಿಯೂ ನಮಗೆ ಬರಬೇಕು.

ಈ ಒಂದೆರಡು ಅಂಕದ ಬೆಲೆ ದಿಲ್ಲಿಗೂ ಗೊತ್ತು. 2024ರ ನವೆಂಬರ್‌ನಲ್ಲಿ, ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಮೊದಲು, ಕೇಂದ್ರ ಸರ್ಕಾರ ಆ ಹಂಗಾಮಿನ ಸೋಯಾಬೀನ್ ಖರೀದಿಗೆ ತೇವಾಂಶದ ಮಿತಿಯನ್ನು ಶೇ. 12ರಿಂದ 15ಕ್ಕೆ ಏರಿಸಿತು. ಹೆಚ್ಚಿನ ತೇವದಿಂದ ಆಗುವ ನಷ್ಟ ರಾಜ್ಯ ಸರ್ಕಾರದ ಪಾಲಿಗೆ ಎಂಬ ಷರತ್ತೂ ಇತ್ತು. ಅನುಕೂಲ ಆಯಿತು, ಸರಿ. ಆದರೆ ನಮ್ಮ ಕಡೆ ಸೋಯಾಬೀನ್ ಬೇಗ ರಾಶಿ ಆಗಿ ದಸರಾ ದೀಪಾವಳಿಯ ಖರ್ಚಿಗೆ ಮಾರಾಟವಾಗುವ ಬೆಳೆ. ಸಾಲ ತೀರಿಸಬೇಕಾದವನು ನವೆಂಬರ್ ನಡುವಿನ ತನಕ ಕಾಯುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮರಾಠವಾಡಾದಲ್ಲೂ ಬೀದರ್, ಕಲಬುರಗಿಯಲ್ಲೂ ಸುರಿದ ಮಳೆಗೆ ಹೊಲ ನೀರಲ್ಲಿ ನಿಂತವು. ಅಂಥ ವರ್ಷ ಡಾಗಿ ಕಾಳು ಇಲ್ಲದ ಮಾಲು ಎಲ್ಲಿಂದ ತರಬೇಕು? ಕೆಟ್ಟ ವರ್ಷದಲ್ಲೇ ದರ್ಜೆಯ ಅಂಕಿ ಸರಿಯಾಗಿ ಬರೆದಿರಬೇಕಾದದ್ದು. ‘ಡಾಗಿ’ ಎಂಬ ಒಂದು ಶಬ್ದದಲ್ಲಿ ಶೇ. 4 ಕೆಟ್ಟ ಮಾಲೂ ಶೇ. 14 ಕೆಟ್ಟ ಮಾಲೂ ಒಂದೇ ದರಕ್ಕೆ ಹೋಗಬಾರದು.

ಬೇರೆ ಕಡೆ ಹೇಗೆ ನಡೆಯುತ್ತದೆ ನೋಡೋಣ. ಕರ್ನಾಟಕದಲ್ಲಿ 1990ರ ದಶಕದಿಂದ ಕಂಪನಿಗಳ ಒಪ್ಪಂದದಲ್ಲಿ ಮಿಡಿಸೌತೆ ಬೆಳೆಯುತ್ತಾರೆ. ಅದು ಉಪ್ಪಿನಕಾಯಿಗಾಗಿ ಪರದೇಶಕ್ಕೆ ಹೋಗುವ ತರಕಾರಿ. ಅದರ ದರ್ಜೆ ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ. ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ಬರುವ ಸಣ್ಣ ಮಿಡಿಗೆ ಮೇಲಿನ ದರ, ಕಾಯಿ ದಪ್ಪಗಾದಂತೆ ದರ ಇಳಿಯುತ್ತದೆ. ಒಂದು ದಿನ ಕೊಯ್ಲು ತಪ್ಪಿದರೆ ದರ್ಜೆಯೇ ಬೀಳುತ್ತದೆ. ಅಲ್ಲಿಯೂ ತಕರಾರು ಇಲ್ಲದಿಲ್ಲ. ಆದರೆ ಲೆಕ್ಕ ಸರಳ. ಒಂದು ಕಿಲೋ ತೂಗಿ ಮನೆಯ ಹೆಣ್ಣುಮಗಳೂ ಎಣಿಸಿ ನೋಡಬಹುದು.

ಇನ್ನು ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿ ಸಾಸ್, ಪೇಸ್ಟ್ ಮಾಡಲು ಲಾರಿಗಟ್ಟಲೆ ಟೊಮ್ಯಾಟೊ ಹೋಗುತ್ತದೆ. ಲಾರಿ ಕಾರ್ಖಾನೆ ಸೇರುವ ಮೊದಲು ತಪಾಸಣೆ ಕಟ್ಟೆಯಲ್ಲಿ ನಮೂನೆ ತೆಗೆದು ಕೊಳೆತದ್ದು, ಹಸಿರು ಕಾಯಿ, ಹುಳ, ಮಣ್ಣು ಬೇರೆ ಬೇರೆ ತೂಗುತ್ತಾರೆ. ಬಣ್ಣ, ರಸದ ಗಟ್ಟಿತನವನ್ನೂ ಅಳೆಯುತ್ತಾರೆ. ತಪಾಸಣೆ ಮಾಡುವವರು ರೈತನ ಆಳೂ ಅಲ್ಲ, ಕಾರ್ಖಾನೆಯ ಆಳೂ ಅಲ್ಲ. ಅದರ ಖರ್ಚನ್ನು ಎರಡೂ ಕಡೆಯವರು ಹಂಚಿಕೊಳ್ಳುತ್ತಾರೆ. ನಾವು ಕಲಿಯಬೇಕಾದದ್ದು ಇದನ್ನೇ: ಕೊಳ್ಳುವವನೇ ಪರೀಕ್ಷೆ ಮಾಡಿ, ಕೊಳ್ಳುವವನೇ ತೀರ್ಪು ಹೇಳಬಾರದು.

ನಮ್ಮಲ್ಲೂ ಇದು ಹೊಸ ವಿಚಾರ ಅಲ್ಲ. ಉದಗೀರ, ನಿಲಂಗಾ 1956ರ ತನಕ ಬೀದರ್ ಜಿಲ್ಲೆಯಲ್ಲೇ ಇದ್ದ ತಾಲ್ಲೂಕುಗಳು. ಆ ಕಾಲದ ಹೈದರಾಬಾದ್ ಸಂಸ್ಥಾನದಲ್ಲಿಯೇ 1930ರ ಸುಮಾರಿಗೆ ಮಾರುಕಟ್ಟೆ ಕಾಯ್ದೆ ಬಂದಿತ್ತು. ಆಮೇಲೆ ಮಹಾರಾಷ್ಟ್ರಕ್ಕೆ 1963ರ ಕಾಯ್ದೆ, ಕರ್ನಾಟಕಕ್ಕೆ 1966ರ ಕಾಯ್ದೆ. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು, 2016ರ ಏಪ್ರಿಲ್ 14ರಂದು ದೇಶಕ್ಕೆಲ್ಲ ಇ-ನಾಮ್ ಬಂತು. ಎರಡರಲ್ಲೂ ಹರಾಜಿಗೆ ಮೊದಲು ಮಾಲಿನ ಗುಣ ಪರೀಕ್ಷೆ ಆಗಬೇಕೆಂಬುದು ಮುಖ್ಯ ಅಂಶ. ಕಾಗದದ ಮೇಲಿನ ಈ ಮಾತು ಗಂಜ್‌ನ ಕಟ್ಟೆಯ ಮೇಲೆ ದಿನವೂ ನಡೆಯಬೇಕು.

ಗಡಿಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕು ಇದೆ. ಅಣ್ಣನ ಹೊಲ ನಿಲಂಗಾ ತಾಲ್ಲೂಕಿನಲ್ಲಿ, ತಮ್ಮನದು ಭಾಲ್ಕಿಯಲ್ಲಿ. ಬೆಂಬಲ ಬೆಲೆಗೆ ಹೆಸರು ಬರೆಸಲು ಇಲ್ಲಿ ಸಾತ್-ಬಾರಾ ಬೇಕು, ಅಲ್ಲಿ ಪಹಣಿ ಬೇಕು. ಖುಲ್ಲಾ ಪೇಟೆಗಾದರೆ ಎಲ್ಲಿ ದರ ಬಂತೋ ಅಲ್ಲಿಗೆ ಹೋಗ್ತೀವಿ. ಆದರೆ ಪಟ್ಟಿಯ ಭಾಷೆ ಬೇರೆ. ಮರಾಠಿ ಮಾತಾಡಲು ನಮಗೆ ಬರುತ್ತದೆ, ಓದುವಾಗ ಹಲವರಿಗೆ ಅಡಚಣೆ. ಮಾರುಕಟ್ಟೆ ಸಮಿತಿಯ ‘ಸಚಿವ’ರಿಗೆ ತಕರಾರು ಕೊಡ್ರಿ ಅಂದರೆ ಮಂತ್ರಿಗಳ ಹತ್ತಿರ ಹೋಗಬೇಕೇನೋ ಅಂತ ಹಿಂದೆ ಸರಿದವರನ್ನು ಕಂಡಿದ್ದೇನೆ. ಮರಾಠಿಯಲ್ಲಿ ಸಚಿವ ಅಂದರೆ ಕಾರ್ಯದರ್ಶಿ. ಅವರ ಕಚೇರಿ ಅದೇ ಆವರಣದಲ್ಲಿ ಇರುತ್ತದೆ. ಇದು ಭಾಷೆಯ ಜಗಳ ಅಲ್ಲ. ಗಡಿಯ ಎರಡೂ ಬದಿಯ ಮಾರುಕಟ್ಟೆಗಳಲ್ಲಿ ದರ್ಜೆಯ ನಿಯಮವನ್ನು ಮರಾಠಿ, ಕನ್ನಡ ಎರಡರಲ್ಲೂ ಬರೆದು ಹಾಕಿದರೆ ಬೀದರ್‌ಗೆ ಹೋಗುವ ಮರಾಠಿ ರೈತನಿಗೂ ಅಷ್ಟೇ ಲಾಭ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಮೇಲೆ ಚೆಂದದ ಕಾಳು, ಅಡಿಗೆ ಹಸಿ ಕಾಳು ತುಂಬುವವರು ನಮ್ಮೊಳಗೇ ಇದ್ದಾರೆ. ಒಬ್ಬನ ಆ ಕೆಲಸಕ್ಕೆ ಮರುದಿನ ಬಂದ ಹತ್ತು ಜನರ ಮಾಲಿನಲ್ಲಿ ಕಡಿತ ಬೀಳುತ್ತದೆ. ನಮೂನೆ ಸರಿಯಾಗಿ ತೆಗೆದರೆ ಇದೂ ಸಿಕ್ಕಿಬೀಳುತ್ತದೆ, ಪ್ರಾಮಾಣಿಕ ರೈತ ಉಳಿಯುತ್ತಾನೆ. ಎರಡು ದಿನ ಬಿಸಿಲಿಗೆ ಹರವಿ, ಜರಡಿ ಹಿಡಿದು, ಒಳ್ಳೆಯದು ಕೆಟ್ಟದ್ದು ಬೇರೆ ಚೀಲ ಮಾಡಿ ತಂದರೆ ಮಾತಾಡಲು ನಮಗೂ ಧೈರ್ಯ.

ಆದ್ದರಿಂದ ಮಾರುಕಟ್ಟೆ ಸಮಿತಿಗಳ ಮುಂದೆ ನಾಲ್ಕೇ ಬೇಡಿಕೆ ಇಡೋಣ. ಒಂದು, ರೈತನ ಎದುರಿಗೇ, ಹಲವು ಚೀಲಗಳಿಂದ ನಮೂನೆ ತೆಗೆಯಬೇಕು. ಎರಡು, ತೇವ, ಕಸ, ಡಾಗಿ ಮೂರನ್ನೂ ಶೇಕಡಾ ಲೆಕ್ಕದಲ್ಲಿ ಪಟ್ಟಿಯ ಮೇಲೆ ಬರೆಯಬೇಕು, ಕಡಿತ ತೂಕದಲ್ಲೋ ದರದಲ್ಲೋ ಒಂದರಲ್ಲೇ ಆಗಬೇಕು. ಮೂರು, ತಕರಾರು ಬಂದರೆ ನೋಡಲು ಅದೇ ನಮೂನೆಯ ಇನ್ನೊಂದು ಪಾಲನ್ನು ಮುದ್ರೆ ಹಾಕಿ ಇಡಬೇಕು, ಮತ್ತು ಸಮಿತಿಯದ್ದೇ ಒಂದು ತಪಾಸಣೆ ಮಾಡಿದ ಮೀಟರ್ ಕಟ್ಟೆಯ ಮೇಲೆ ಎಲ್ಲರಿಗೂ ಸಿಗಬೇಕು. ನಾಲ್ಕು, ನಿಯಮದ ಬೋರ್ಡ್ ಎರಡೂ ಭಾಷೆಯಲ್ಲಿ ಇರಬೇಕು.

ಇದಕ್ಕೆ ಕೋಟಿ ರೂಪಾಯಿ ಬೇಡ, ಹೊಸ ಕಾಯ್ದೆಯೂ ಬೇಡ. ಮುಂದಿನ ರಾಶಿ ಪೇಟೆಗೆ ಹೋದಾಗ ಪಟ್ಟಿ ಮಡಚಿ ಕಿಸೆಗೆ ಹಾಕುವ ಮುನ್ನ ಒಂದೇ ಮಾತು ಕೇಳ್ರಿ: ‘ಎಷ್ಟು ಹಸಿ ಅದ, ಎಷ್ಟು ಡಾಗಿ ಅದ, ಇದರ ಮ್ಯಾಲ ಬರದು ಕೊಡ್ರಿ.’ ಒಬ್ಬ ಕೇಳಿದರೆ ನಕ್ಕು ಬಿಡುತ್ತಾರೆ. ನೂರು ಜನ ಕೇಳಿದರೆ ಬರೆದುಕೊಡುತ್ತಾರೆ.