ಕೇಕ್ ಲೆಕ್ಕ, ಭಾಗ 4: "ಮನೇಲಿ ತಾನೇ ಮಾಡೋದು, ಅಷ್ಟೊಂದ್ಯಾಕೆ?"

ಹಿಂದಿನ ಮೂರು ಭಾಗ ಓದಿ ಮೆಸೇಜ್ ಮಾಡಿದ ಎಲ್ಲರಿಗೂ ಥ್ಯಾಂಕ್ಸ್. ಜಾಸ್ತಿ ಬಂದಿರೋ ಪ್ರಶ್ನೆ ಒಂದೇ: "ರೇಟ್ ಹೆಂಗೆ ಫಿಕ್ಸ್ ಮಾಡ್ತೀಯ?" ಇವತ್ತು ಅದನ್ನೇ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಕೆಲವರಿಗೆ ಕೋಪಾನೂ ಬರಬಹುದು. ಆದ್ರೂ ಪೂರ್ತಿ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮನೇಲಿ ಕೇಕ್ ಮಾಡಿ ಮಾರೋರು ತಮ್ಮ ಕೂಲಿ ಸೇರಿಸದೆ ರೇಟ್ ಹೇಳೋದು ಒಳ್ಳೆತನ ಅಲ್ಲ, ತಪ್ಪು. ಈ ತಪ್ಪನ್ನ ನಾನೇ ಒಂದು ವರ್ಷ ಮಾಡಿದ್ದೀನಿ.

ಬಿಕಾಂ ಫ್ರೆಂಡ್ಸ್, ಕಾಸ್ಟ್ ಶೀಟ್ ನೆನಪಿದೆಯಾ? ನೇರ ಸಾಮಗ್ರಿ, ನೇರ ಕೂಲಿ, ನೇರ ಖರ್ಚು, ಮೂರೂ ಸೇರಿದ್ರೆ ಪ್ರೈಮ್ ಕಾಸ್ಟ್. ಕೂಲಿ ಬಿಟ್ಟು ಟೋಟಲ್ ಹಾಕಿದ್ರೆ ನಮಗೆ ಯಾರಾದ್ರೂ ಮಾರ್ಕ್ಸ್ ಕೊಡ್ತಿದ್ರಾ? ಕಾಲೇಜಲ್ಲಿ ಅದನ್ನ ಸರಿಯಾಗಿ ಬರೆದು ಮಾರ್ಕ್ಸ್ ತಗೊಂಡೆ. ಮನೆಗೆ ಬಂದು ಕೇಕಿಗೆ ರೇಟ್ ಹೇಳುವಾಗ ಆ ಸಾಲನ್ನೇ ಮರೆತೆ.

ಒಂದು ನಿಜವಾದ ಲೆಕ್ಕ ತೋರಿಸ್ತೀನಿ. ಒಂದು ಕೆಜಿ ಎಗ್‌ಲೆಸ್ ಚಾಕೊಲೇಟ್ ಕೇಕ್, ಮೇಲೆ ಫಾಂಡೆಂಟ್‌ನಲ್ಲಿ ಮಾಡಿದ ಬ್ಯಾಟು, ಬಾಲು, ಜೆರ್ಸಿ. ಕ್ಲಾಸ್‌ಮೇಟ್ ತಮ್ಮನ ಬರ್ತ್‌ಡೇ. ನಾನು ತಗೊಂಡಿದ್ದು 500 ರೂಪಾಯಿ.

🍫 ಪ್ರೀಮಿಕ್ಸ್: 80
🍫 ವಿಪ್ಪಿಂಗ್ ಕ್ರೀಮ್: 90
🍫 ಚಾಕೊಲೇಟ್: 75
🍫 ಎಣ್ಣೆ, ಸಕ್ಕರೆ: 20
🍫 ಫಾಂಡೆಂಟ್, ಬಣ್ಣ: 90
🍫 ಬೋರ್ಡ್, ಬಾಕ್ಸ್: 50
🍫 ಕರೆಂಟ್: 20

ಒಟ್ಟು 425. ಉಳಿದಿದ್ದು 75. ಆವತ್ತು ಖುಷಿಯಾಗೇ ಇದ್ದೆ, "ಪರವಾಗಿಲ್ಲ, ಲಾಭ ಬಂತು" ಅಂತ.

ಆದ್ರೆ ಎರಡು ಖರ್ಚು ಈ ಲಿಸ್ಟಲ್ಲಿ ಇಲ್ಲ. ಓವನ್ನು, ಬೀಟರ್ರು ಸೇರಿ 9,000 ಆಗಿತ್ತು. ಅಮ್ಮ ಸಂಘದಲ್ಲಿ ಸಾಲ ಎತ್ತಿ ಕೊಡಿಸಿದ್ದು. 300 ಕೇಕ್ ತನಕ ಬಾಳಿಕೆ ಬರುತ್ತೆ ಅಂದ್ಕೊಂಡ್ರೂ ಒಂದು ಕೇಕಿಗೆ 30 ರೂಪಾಯಿ. ಆಮೇಲೆ ವೇಸ್ಟು. ಒಂದು ಲೀಟರ್ ಕ್ರೀಮ್ ಪ್ಯಾಕ್ ಒಡೆದ ಮೇಲೆ ಬೇರೆ ಆರ್ಡರ್ ಬರದಿದ್ರೆ ಉಳಿದಿದ್ದು ಏನಾಗುತ್ತೆ ಅಂತ ಮಾಡೋರಿಗೆ ಗೊತ್ತು. ಅದಕ್ಕೆ 40 ಇಡಿ. ಈಗ 75ರಲ್ಲಿ 70 ಹೋಯ್ತು.

ಉಳಿದಿದ್ದು ಐದು ರೂಪಾಯಿ. ಕೆಲಸ ಮಾಡಿದ್ದು ಐದು ಗಂಟೆ. ಅದರಲ್ಲಿ ಎರಡು ಗಂಟೆ ಅಮ್ಮ ನನ್ನ ಜೊತೆ ಕೂತು ಫಾಂಡೆಂಟ್ ನಾದಿ, ಪಾತ್ರೆ ತೊಳೆದಿದ್ದು. ಗಂಟೆಗೆ ಒಂದು ರೂಪಾಯಿ ಕಣ್ರೇ.

2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಗೆ ಹಂಚಿದ್ರೆ ಗಂಟೆಗೆ ಸುಮಾರು 46. ಅದೇನು ದೊಡ್ಡ ಸಂಬಳ ಅಲ್ಲ. ಆದ್ರೆ ಮಣ್ಣು ಹೊರೋ ಕೆಲಸಕ್ಕೆ ಸರ್ಕಾರ ಒಂದು ಕನಿಷ್ಠ ಇಟ್ಟಿದೆ, ನನ್ನ ಅಮ್ಮನ ಕೈಗೆ ನಾನು ಏನೂ ಇಟ್ಟಿರಲಿಲ್ಲ.

ಆ ಕೂಲಿ ಹಾಕಿದ್ರೆ ಐದು ಗಂಟೆಗೆ 230. ಅಲ್ಲಿಗೆ ಕೇಕಿನ ಅಸಲೇ 725. ಈಗ ಅದೇ ಕೇಕಿಗೆ 850 ಹೇಳ್ತೀನಿ. ಮೇಲಿನ 125 ಡಿಸೈನಿಗೆ, ಕಲಿತ ಕೈಗೆ, ಕೆಟ್ಟುಹೋಗಿ ಎರಡನೇ ಸಲ ಮಾಡಬೇಕಾಗಿ ಬರೋ ಕೇಕುಗಳಿಗೆ.

"ನಿಂಗೆ ಪಾಕೆಟ್ ಮನಿ ಬಂದ್ರೆ ಸಾಕಲ್ವಾ?" ಅಂತ ನೀವು ಕೇಳಬಹುದು. ನಾನೂ ಹಂಗೇ ಅಂದ್ಕೊಂಡಿದ್ದೆ, ನಮ್ಮೂರಿನ ಒಬ್ಬರು ಆಂಟಿ ಫೋನ್ ಮಾಡೋವರೆಗೂ. ಅವರೂ ಮನೇಲಿ ಕೇಕ್ ಮಾಡ್ತಾರೆ. ಬೈಲಿಲ್ಲ. "ನೋಡಮ್ಮ, ನೀನು ಕೈಖರ್ಚಿಗೆ ಮಾಡ್ತೀಯ. ನಂಗೆ ಮಗನ ಸ್ಕೂಲ್ ಫೀಸು ಇದರಲ್ಲೇ ಹೋಗ್ಬೇಕು. ನಿನ್ನ 500 ತೋರಿಸಿ ನನ್ನ ಹತ್ರ ಚೌಕಾಸಿ ಮಾಡ್ತಾರೆ" ಅಂದ್ರು, ಅಷ್ಟೇ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಬಿಟ್ಟುಕೊಟ್ಟಿದ್ದು ನನ್ನ ಕೂಲಿ ಮಾತ್ರ ಅಲ್ಲ, ಅವರದ್ದನ್ನೂ ಇಳಿಸಿದ್ದೆ.

ಹಂಗಂತ ಬೆಂಗಳೂರು ರೇಟ್ ಹಾಕಿ ಅಂತ ಹೇಳ್ತಿಲ್ಲ. ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದಲ್ಲಿ 850 ಅಂದ್ರೆ ಎಷ್ಟೋ ಮನೆಗೆ ಭಾರ, ನಂಗೂ ಗೊತ್ತು. ಆದ್ರೆ ಕಮ್ಮಿ ಬಜೆಟ್ ಅಂದ್ರೆ ಕೇಕನ್ನ ಚಿಕ್ಕದು ಮಾಡಿ, ಕೂಲಿನ ಅಲ್ಲ. ಒಂದು ಕೆಜಿ ಬದಲು ಅರ್ಧ ಕೆಜಿ. ಫಾಂಡೆಂಟ್ ಬದಲು ಬರೀ ಕ್ರೀಮ್ ಹೂವು. ಎರಡು ಗಂಟೆ ಕೆಲಸ ಉಳಿಯುತ್ತೆ, ರೇಟ್ ತಾನಾಗೇ ಇಳಿಯುತ್ತೆ. ಅದನ್ನ ಗಿರಾಕಿಗೆ ಬಿಡಿಸಿ ಹೇಳಿ, ಅರ್ಥ ಮಾಡ್ಕೋತಾರೆ.

ಬೇಕರಿ ಜೊತೆ ಹೋಲಿಸೋದೂ ಬೇಡ. ಬೇಕರೀಲಿ ಒಂದೇ ಸಲಕ್ಕೆ ಹತ್ತಾರು ಕೇಕ್ ಬೇಯುತ್ತೆ. ನಾವು ಒಂದು ಹೆಸರಿಗೆ ಒಂದೇ ಕೇಕ್ ಮಾಡೋರು.

ಇನ್ನೊಂದು ಮಾತು ಕೇಳಿ ನಗು ಬಂತು. "ಶಕ್ತಿ ಯೋಜನೇಲಿ ನಿಂಗೆ ಬಸ್ ಫ್ರೀ ಅಲ್ವಾ, ಡೆಲಿವರಿ ಚಾರ್ಜ್ ಯಾಕೆ?" 2023ರ ಜೂನ್‌ನಿಂದ ಟಿಕೆಟ್ ಫ್ರೀ, ನಿಜ. ಮಧುಗಿರಿಯಿಂದ ಕೊರಟಗೆರೆವರೆಗೂ ಬಾಕ್ಸನ್ನ ತೊಡೆ ಮೇಲೆ ಇಟ್ಕೊಂಡು, ಪ್ರತಿ ಹಂಪಿಗೂ ಉಸಿರು ಬಿಗಿ ಹಿಡಿದು ಕೂರೋ ಟೈಮ್ ಫ್ರೀ ಅಲ್ಲ. ಪಾವಗಡದ ಏಪ್ರಿಲ್ ಬಿಸಿಲಿಗೆ ಕ್ರೀಮ್ ಕರಗದ ಹಾಗೆ ಹಾಕೋ ಐಸೂ ಫ್ರೀ ಅಲ್ಲ.

ಕೊಡೋರ ಕಡೆಯಿಂದ ನ್ಯಾಯ ಕೇಳಿದ ಮೇಲೆ ನಾವೂ ನ್ಯಾಯವಾಗಿರಬೇಕು. ತೂಕದಲ್ಲಿ ಮೋಸ ಬೇಡ. ಬೋರ್ಡ್ ಸೇರಿಸಿ ತೂಗಬೇಡಿ. ಆರ್ಡರ್ ತಗೊಳ್ಳುವಾಗ್ಲೇ ಪೂರ್ತಿ ರೇಟ್ ಹೇಳಿ, ಕೊಡುವಾಗ 50 ಏರಿಸಬೇಡಿ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ನಾನು ಮಾಡಿಸಿದಾಗ ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಆ 14 ಅಂಕಿ ನಂಬರ್ ಬಾಕ್ಸ್ ಮೇಲಿದ್ರೆ ತಿನ್ನೋರಿಗೂ ಧೈರ್ಯ.

ಈಗ ತಗೊಳ್ಳೋ ಫ್ರೆಂಡ್ಸಿಗೆ. "ನಮಗೂ ಅದೇ ರೇಟಾ?" ಅಂತ ಕೇಳೋ ಮುಂಚೆ ಒಂದು ನಿಮಿಷ ಯೋಚನೆ ಮಾಡಿ. ನೀವು ಬಿಡಿಸಿಕೊಳ್ಳೋ 200 ರೂಪಾಯಿ ಸಕ್ಕರೆಯಿಂದ ಬರಲ್ಲ, ಕ್ರೀಮಿಂದ ಬರಲ್ಲ. ಅವು ಅಂಗಡಿಯವನಿಗೆ ಆಗಲೇ ಹೋಗಿರುತ್ತೆ. ಅದು ಬರೋದು ರಾತ್ರಿ ಹನ್ನೊಂದಕ್ಕೆ ಸಿಂಕ್ ಮುಂದೆ ನಿಂತಿರೋರ ಕೈಯಿಂದ.

ರೇಟ್ ಏರಿಸಿದ ಮೇಲೆ ನನ್ನ ಆರ್ಡರ್ ಕಮ್ಮಿ ಆಗಿದೆ, ಸುಳ್ಳು ಹೇಳಲ್ಲ. ಆದ್ರೆ ಹೋದ ತಿಂಗಳು ಮೊದಲ ಸಲ ಅಮ್ಮನ ಗಂಟೆಗಳನ್ನ ಲೆಕ್ಕ ಹಾಕಿ ಕೈಗೆ ದುಡ್ಡು ಕೊಟ್ಟೆ. "ನಂಗ್ಯಾಕೆ ಕೂಲಿ, ಹುಚ್ಚು ಹುಡುಗಿ" ಅಂದ್ರು. ಎಣಿಸಿ ಸೆರಗಿಗೆ ಕಟ್ಕೊಂಡ್ರು.

ಮನೇಲಿ ಕೇಕ್ ಮಾಡೋರು ನಿಮ್ಮ ಕೊನೇ ಕೇಕಿನ ಲೆಕ್ಕ ಕಾಮೆಂಟಲ್ಲಿ ಹಾಕಿ. ಗಂಟೆ ಬರೆಯೋದು ಮರೀಬೇಡಿ 👇

ಭಾಗ 5: ಅಡ್ವಾನ್ಸ್ ಕೇಳೋಕೆ ನಾಚಿಕೆ ಯಾಕೆ?

#ಕೇಕ್‌ಲೆಕ್ಕ #ಮನೆಕೇಕ್ #ಮಧುಗಿರಿ #ಸಿರಾ #ಕೊರಟಗೆರೆ #ಪಾವಗಡ