ಒಂದೇ ಗೂಡು, ಬೇರೆ ಬೇರೆ ಸ್ವಭಾವ

ಮಕ್ಕಳೇ, ಚಂದಕವಾಡಿ ಕಡೆಯ ಮುಳ್ಳುಬೇಲಿಗಳಲ್ಲಿ ಒಣ ಎಲೆ ಸೇರಿಸಿ ಹೆಣೆದ ಬೂದು ಗೂಡು ಕಂಡರೆ ನಿಂತು ನೋಡಿ. ಅದು ಸಂಘಜೀವಿ ಜೇಡಗಳ ಮನೆ. ಹತ್ತಾರು, ಕೆಲವೊಮ್ಮೆ ನೂರಾರು ಜೇಡಗಳು ಅಲ್ಲಿ ಒಟ್ಟಿಗೆ ಬಾಳುತ್ತವೆ. ಇವುಗಳ ವೈಜ್ಞಾನಿಕ ಹೆಸರು ಸ್ಟೆಗೋಡೈಫಸ್ ಸರಸಿನೋರಮ್.

ಬಲೆಗೆ ಮಿಡತೆ ಬಿದ್ದರೆ ಕೆಲವು ಜೇಡಗಳು ಕೂಡಲೇ ಓಡಿಬರುತ್ತವೆ. ಕೆಲವು ಗೂಡಿನಲ್ಲೇ ಉಳಿಯುತ್ತವೆ. ಹಾಗೆಂದು ಒಂದನ್ನು ಧೈರ್ಯಶಾಲಿ, ಇನ್ನೊಂದನ್ನು ಪುಕ್ಕಲು ಎನ್ನಬಹುದೇ? ಒಂದೇ ದಿನ ನೋಡಿ ಹಾಗೆನ್ನುವುದು ತಪ್ಪು. ಹೊಟ್ಟೆ ತುಂಬಿದ ಜೇಡ ಸುಮ್ಮನಿರಬಹುದು. ಪೊರೆ ಕಳಚುವ ಮುನ್ನ ಮರಿಜೇಡ ಆಹಾರವನ್ನೇ ಬಿಡುತ್ತದೆ. ಹಲವು ಬಾರಿ ಒಂದೇ ರೀತಿ ನಡೆದುಕೊಂಡರೆ ಮಾತ್ರ ಅದನ್ನು ಸ್ವಭಾವ ಎನ್ನಬೇಕು. ಅದಕ್ಕಾಗಿಯೇ ವಿಜ್ಞಾನಿಗಳು ಜೇಡಗಳ ಮೈಮೇಲೆ ಬಣ್ಣದ ಚುಕ್ಕೆಯಿಟ್ಟು ಗುರುತಿಸಿ, ಮತ್ತೆ ಮತ್ತೆ ನೋಡುತ್ತಾರೆ.

ನೀವು ಗೂಡಿಗೆ ಕೈ ಹಾಕಬೇಡಿ. ದೂರದಿಂದ ನೋಡಿ, ಎಷ್ಟು ಜೇಡ ಹೊರಬಂದವೆಂದು ದಿನವೂ ಬರೆದಿಡಿ. ತರಗತಿಯಲ್ಲಿ ಕೈ ಎತ್ತದ ಗೆಳೆಯನ ಬಗ್ಗೆಯೂ ಆತುರದ ತೀರ್ಮಾನ ಬೇಡ.